ಕನ್ನಡ ಕೂಟಕ್ಕೆ ಫೆಡರಲ್ ಗ್ರ್ಯಾಂಟ್: ಯಾರಾದರೂ ತಗೊಂಡಿದ್ದೀರಾ?

ಕೂಟದ_ಖಜಾಂಚಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಧ್ಯಭಾಗದ ಒಂದು ಊರಿನ ಕನ್ನಡ ಕೂಟದ ಲೆಕ್ಕಪತ್ರ ಈ ವರ್ಷ ನನ್ನ ತಲೆಗೆ ಬಂದಿದೆ. ದೊಡ್ಡ ಕೂಟವಲ್ಲ. 501ಸಿ3 ಮಾನ್ಯತೆ, ಅಂದರೆ ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ ಅನ್ನುವ ಮಾನ್ಯತೆ ಇದೆ. ಯುಗಾದಿ, ರಾಜ್ಯೋತ್ಸವದ ಟಿಕೆಟ್ ದುಡ್ಡಿನಲ್ಲಿ ಹಾಲ್ ಬಾಡಿಗೆ, ಊಟದ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ಕಮಿಟಿಯ ವಾಟ್ಸಾಪ್ ಗುಂಪಿಗೆ ಒಬ್ಬರು ಒಂದು ಫಾರ್ವರ್ಡ್ ಹಾಕಿದ್ದಾರೆ. ಸಮುದಾಯ ಸಂಸ್ಥೆಗಳಿಗೆ ಫೆಡರಲ್ ಸರ್ಕಾರ 50,000 ಡಾಲರ್ ಕೊಡುತ್ತಿದೆಯಂತೆ, ವಾಪಸ್ ಕಟ್ಟಬೇಕಿಲ್ಲವಂತೆ. ಕೆಳಗೆ ಒಬ್ಬ ಕನ್ಸಲ್ಟೆಂಟ್ ನಂಬರ್. ಅರ್ಜಿ ಬರೆದುಕೊಡಲು ಮುಂಗಡವಾಗಿ 2,500 ಡಾಲರ್ ಕೇಳುತ್ತಿದ್ದಾರೆ. ಅಧ್ಯಕ್ಷರಿಗೆ ಉತ್ಸಾಹ ಜಾಸ್ತಿ, ನನಗೆ ಭಯ ಜಾಸ್ತಿ.

ನಮಗೆ ಬೇಕಿರುವುದು ಇಷ್ಟು. ಶನಿವಾರದ ಕನ್ನಡ ಶಾಲೆಗೆ ಜಾಗ. ಮಕ್ಕಳ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ವಾರಕ್ಕೊಮ್ಮೆ ಸೇರಿ ಊಟ ಮಾಡುವ ವ್ಯವಸ್ಥೆ. ನಾವು ಕಾರ್ಯಕ್ರಮ ಮಾಡುವ ದೇವಸ್ಥಾನದವರಿಗೆ ಕ್ಯಾಮೆರಾ, ಗೇಟು. ಇದಕ್ಕೆಲ್ಲ ನಿಜವಾಗಿ ದುಡ್ಡು ಸಿಗುತ್ತಾ?

ಸುಮ್ನೆ_ಓದುವವ

ಮೊದಲು ಆ 2,500 ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಕೌಂಟಿ_ಕಚೇರಿ_ಕನ್ನಡತಿ

ಮೇಲಿನವರ ಮಾತಿಗೆ ನನ್ನದೂ ಒಂದು ವೋಟು. ನಾನು ಒಂದು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಸಮುದಾಯ ಅಭಿವೃದ್ಧಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಥ ಅರ್ಜಿಗಳನ್ನು ಓದಿ ಅಂಕ ಹಾಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಫೆಡರಲ್ ಗ್ರ್ಯಾಂಟ್‌ಗಳ ಪ್ರಕಟಣೆ ಬರುವುದು ಗ್ರ್ಯಾಂಟ್ಸ್ ಡಾಟ್ ಗವ್‌ನಲ್ಲಿ. ಹುಡುಕಲು ಕಾಸು ಕೊಡಬೇಕಿಲ್ಲ. ಅರ್ಜಿ ಹಾಕಲು ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿ ಬೇಕು, ಅದೂ ಉಚಿತ. "ನಿಮ್ಮ ಸ್ಯಾಮ್ ನೋಂದಣಿ ಮುಗಿಯುತ್ತಿದೆ, 599 ಡಾಲರ್ ಕಟ್ಟಿ" ಅಂತ ಇಮೇಲ್ ಬಂದರೆ ಅದು ಖಾಸಗಿಯವರ ದಂಧೆ, ಸರ್ಕಾರದ್ದಲ್ಲ. ಸಂಸ್ಥೆಯನ್ನು ಗುರುತಿಸಲು ಮೊದಲು ಡನ್ಸ್ ನಂಬರ್ ಅಂತ ಇತ್ತು. 2022ರ ಏಪ್ರಿಲ್‌ನಿಂದ ಅದರ ಬದಲು 12 ಅಕ್ಷರ-ಅಂಕಿಗಳ ಯುಇಐ ಬಂದಿದೆ. ಇದನ್ನು ಈಗಲೇ ಮಾಡಿಟ್ಟುಕೊಳ್ಳಿ. ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್ ಕಾಗದದಲ್ಲಿ ಕೂಟದ ಹೆಸರು ಹೇಗಿದೆಯೋ ಹಾಗೇ ಇರಬೇಕು. ಒಂದು ಕಡೆ "ಸಂಘ", ಇನ್ನೊಂದು ಕಡೆ "ಕೂಟ" ಅಂತಿದ್ದರೆ ವಾರಗಟ್ಟಲೆ ಎಳೆಯುತ್ತದೆ. ವಿಳಾಸವೂ ಅಷ್ಟೆ. ಹಳೆಯ ಅಧ್ಯಕ್ಷರ ಮನೆ ವಿಳಾಸವೇ ಇನ್ನೂ ದಾಖಲೆಯಲ್ಲಿರುವ ಕೂಟಗಳು ಬಹಳ ಇವೆ!

ಈಗ ಮುಖ್ಯ ಮಾತು. ವಾಷಿಂಗ್ಟನ್ನಿನಿಂದ ನೇರವಾಗಿ ನಿಮ್ಮಂಥ ಸಣ್ಣ ಸಂಸ್ಥೆಗೆ ದುಡ್ಡು ಬರುವುದು ಅಪರೂಪ. ಹೆಚ್ಚಿನ ಹಣ ಮೊದಲು ರಾಜ್ಯಕ್ಕೆ, ಕೌಂಟಿಗೆ, ಸಿಟಿಗೆ ಹೋಗುತ್ತದೆ. ಅಲ್ಲಿಂದ ಸಣ್ಣ ಸಣ್ಣ ತುಂಡುಗಳಾಗಿ ಹೊರಗೆ ಬರುತ್ತದೆ. ನೀವು ಕಾಯಬೇಕಿರುವುದು ಆ ಬಾಗಿಲಲ್ಲಿ.

ಉದಾಹರಣೆಗೆ ಸಿಡಿಬಿಜಿ, ಅಂದರೆ ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರ್ಯಾಂಟ್. 1974ರ ಕಾನೂನಿನಿಂದ ಬಂದ ಯೋಜನೆ, ವಸತಿ ಇಲಾಖೆ ಅಂದರೆ ಹಡ್ ನಡೆಸುತ್ತದೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 330 ಕೋಟಿ ಡಾಲರ್ ಇದರಲ್ಲಿ ಹಂಚಿಕೆಯಾಗಿದೆ. ಮಹಾನಗರ ಪ್ರದೇಶದಲ್ಲಿ 50,000 ಮೇಲೆ ಜನಸಂಖ್ಯೆ ಇರುವ ಸಿಟಿಗಳಿಗೆ, 2 ಲಕ್ಷ ಮೇಲಿನ ಅರ್ಬನ್ ಕೌಂಟಿಗಳಿಗೆ ಸೂತ್ರದ ಪ್ರಕಾರ ತಾನಾಗೇ ಬರುತ್ತದೆ. ಅದರಲ್ಲಿ ಕನಿಷ್ಠ 70% ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗ ಆಗಬೇಕು. ರಸ್ತೆ, ಚರಂಡಿ, ಮನೆ ರಿಪೇರಿಗೇ ಜಾಸ್ತಿ ಹೋಗುತ್ತದೆ. "ಸಾರ್ವಜನಿಕ ಸೇವೆ" ಅನ್ನುವ ಬಾಬ್ತಿಗೆ ಗರಿಷ್ಠ 15%. ನಿಮ್ಮ ಹಿರಿಯರ ಊಟ ಬರುವುದು ಆ 15%ರೊಳಗೆ. ಊರಿನ ಎಲ್ಲ ನಾನ್‌ಪ್ರಾಫಿಟ್‌ಗಳೂ ಅದೇ 15%ಕ್ಕೆ ಮುಗಿಬೀಳುತ್ತಾರೆ, ಅದು ಗೊತ್ತಿರಲಿ.

ಒಂದು ಅನುಕೂಲ ಇದೆ. ಕಾರ್ಯಕ್ರಮ ಹಿರಿಯರಿಗೆಂದೇ ಇದ್ದರೆ, ಅವರನ್ನು ಕಡಿಮೆ ಆದಾಯದವರು ಎಂದು ಹಡ್ ನಿಯಮವೇ ಮೊದಲಿಗೆ ಒಪ್ಪಿಕೊಳ್ಳುತ್ತದೆ. ಸಾಮಾನ್ಯವಾಗಿ ಪ್ರತಿಯೊಬ್ಬರ ಟ್ಯಾಕ್ಸ್ ಪೇಪರ್ ಕೇಳುತ್ತಾ ಕೂರಬೇಕಿಲ್ಲ.

ಕೂಟದ_ಖಜಾಂಚಿ

ಅಕ್ಕ, ತುಂಬಾ ಥ್ಯಾಂಕ್ಸ್. ಒಂದು ಮೂಲಭೂತ ಪ್ರಶ್ನೆ. ಇದನ್ನು "ಕನ್ನಡಿಗ ಹಿರಿಯರಿಗೆ" ಅಂತ ಬರೆಯಬಹುದಾ?

ಕೌಂಟಿ_ಕಚೇರಿ_ಕನ್ನಡತಿ

"ಕನ್ನಡಿಗರಿಗೆ ಮಾತ್ರ" ಅಂತ ಬರೆದರೆ ಅರ್ಜಿ ಅಲ್ಲಿಗೇ ಬಿತ್ತು. ಫೆಡರಲ್ ದುಡ್ಡು ಮುಟ್ಟಿದ ಕೂಡಲೇ 1964ರ ಸಿವಿಲ್ ರೈಟ್ಸ್ ಕಾನೂನಿನ ಟೈಟಲ್ 6 ಅನ್ವಯ ಆಗುತ್ತದೆ. ಬಣ್ಣ, ಜನಾಂಗ, ಮೂಲದೇಶದ ಆಧಾರದಲ್ಲಿ ಯಾರನ್ನೂ ಹೊರಗಿಡುವಂತಿಲ್ಲ. ಪಕ್ಕದ ಬೀದಿಯ ಪೋಲಿಷ್ ಅಜ್ಜಿ ಬಂದರೂ ಬಿಸಿಬೇಳೆಬಾತ್ ಬಡಿಸಬೇಕು. ಆದರೆ "ಇಂಗ್ಲಿಷ್ ಅಷ್ಟಾಗಿ ಬಾರದ, ಸಸ್ಯಾಹಾರಿ ಊಟ ಬೇಕಾದ, ಕಾರ್ ಓಡಿಸಲಾಗದೆ ಮನೆಯಲ್ಲೇ ಉಳಿದ ಹಿರಿಯರು" ಅಂತ ಅಗತ್ಯವನ್ನು ವಿವರಿಸಬಹುದು. ಅದು ನಿಜವೂ ಹೌದು, ಅಂಕವೂ ಬರುತ್ತದೆ.

ಕಾಫಿಪುಡಿ_ಕ್ಯಾಲಿಫೋರ್ನಿಯಾ

ಹಿರಿಯರ ಊಟಕ್ಕೆ ಸಿಡಿಬಿಜಿಗಿಂತ ಸುಲಭದ ದಾರಿ ಇದೆ. 1965ರ ಓಲ್ಡರ್ ಅಮೆರಿಕನ್ಸ್ ಆ್ಯಕ್ಟ್. ಅದರ ಹಣ ರಾಜ್ಯದ ಮೂಲಕ "ಏರಿಯಾ ಏಜೆನ್ಸಿ ಆನ್ ಏಜಿಂಗ್" ಅನ್ನುವ ಸ್ಥಳೀಯ ಕಚೇರಿಗಳಿಗೆ ಬರುತ್ತದೆ. ದೇಶದಲ್ಲಿ ಇಂಥವು 600ಕ್ಕೂ ಹೆಚ್ಚಿವೆ. ನೀವು ಎಲ್ಲೇ ಇದ್ದರೂ ಯಾವುದೋ ಒಂದರ ವ್ಯಾಪ್ತಿಯಲ್ಲಿ ಇದ್ದೇ ಇರುತ್ತೀರಿ.

60 ವರ್ಷ ದಾಟಿದವರು ಒಟ್ಟಿಗೆ ಕೂತು ಊಟ ಮಾಡುವ ಕಾರ್ಯಕ್ರಮ ಈ ಕಾನೂನಿನಲ್ಲೇ ಇದೆ. ಆದಾಯದ ಮಿತಿ ಇಲ್ಲ. ಊಟಕ್ಕೆ ಇಷ್ಟವಿದ್ದಷ್ಟು ಕಾಣಿಕೆ ಕೇಳಬಹುದು, ಕೊಡದವರನ್ನು ವಾಪಸ್ ಕಳಿಸುವಂತಿಲ್ಲ. ನಾನು ಹಿರಿಯರ ಕೇಂದ್ರವೊಂದರಲ್ಲಿ ಕೆಲಸ ಮಾಡುವಾಗ ನೋಡಿದ್ದು: ಅನ್ನ ಸಾರು ಪಲ್ಯ ಇರುವ ದಿನ ನಮ್ಮವರು ತುಂಬಿರುತ್ತಿದ್ದರು, ಸ್ಯಾಂಡ್‌ವಿಚ್ ದಿನ ಒಬ್ಬರೂ ಇಲ್ಲ.

ನೀವೇ ಅಡುಗೆಮನೆ, ಆಹಾರ ಸುರಕ್ಷತೆ ಸರ್ಟಿಫಿಕೇಟ್, ಡಯಟೀಷಿಯನ್ ಒಪ್ಪಿಗೆ ಅಂತ ಹೊರಡಬೇಡಿ, ಸುಸ್ತಾಗುತ್ತೀರಿ. ಈಗಾಗಲೇ ಊಟ ನಡೆಸುತ್ತಿರುವ ಸಂಸ್ಥೆಯನ್ನು ಹಿಡಿಯಿರಿ. "ವಾರಕ್ಕೊಂದು ದಿನ ಭಾರತೀಯ ಸಸ್ಯಾಹಾರಿ ಊಟ ಕೊಡಿ, ಜನರನ್ನು ಕರೆತರುವುದು, ಅನುವಾದ, ಬಡಿಸುವುದು ನಮ್ಮದು" ಅನ್ನಿ. ಅವರಿಗೂ ತಲೆ ಎಣಿಕೆ ಬೇಕು, ನಿಮಗೂ ಊಟ ಬೇಕು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ವಿಷಯ ಮಾತ್ರ ಮೊದಲೇ ಏಜೆನ್ಸಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ.

ದಾವಣಗೆರೆ_ಟು_ಡಲ್ಲಾಸ್

ದೇವಸ್ಥಾನದ ಕ್ಯಾಮೆರಾ ವಿಷಯಕ್ಕೆ ಬರುತ್ತೇನೆ. ನೀವು ಹುಡುಕುತ್ತಿರುವುದು ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ನಾನ್‌ಪ್ರಾಫಿಟ್ ಸೆಕ್ಯೂರಿಟಿ ಗ್ರ್ಯಾಂಟ್, ಎನ್‌ಎಸ್‌ಜಿಪಿ. ದಾಳಿಯ ಅಪಾಯ ಇರುವ ನಾನ್‌ಪ್ರಾಫಿಟ್‌ಗಳಿಗೆ 2005ರಿಂದ ಇದೆ. ಯಹೂದಿ ಸಿನಗಾಗ್‌ಗಳು ಇದನ್ನು ಮೊದಲಿನಿಂದಲೂ ಚೆನ್ನಾಗಿ ಬಳಸಿಕೊಂಡಿವೆ. ಮಸೀದಿ, ಗುರುದ್ವಾರ, ಚರ್ಚು, ದೇವಸ್ಥಾನ ಎಲ್ಲರೂ ಹಾಕಬಹುದು.

2024ರ ಸುತ್ತಿನಲ್ಲಿ ಒಂದು ಜಾಗಕ್ಕೆ ಗರಿಷ್ಠ 2 ಲಕ್ಷ ಡಾಲರ್ ಇತ್ತು. ಕ್ಯಾಮೆರಾ, ಲೈಟು, ಗಟ್ಟಿ ಬಾಗಿಲು, ಬೇಲಿ, ಗಾಡಿ ನುಗ್ಗದಂತೆ ತಡೆಯುವ ಕಂಬಗಳು, ಸ್ವಯಂಸೇವಕರಿಗೆ ತರಬೇತಿ, ಕಾವಲುಗಾರರು, ಎಲ್ಲಕ್ಕೂ ಅವಕಾಶ ಇತ್ತು. ನಮ್ಮ ಕಡೆಯಿಂದ ಪಾಲು ಹಾಕಬೇಕಿರಲಿಲ್ಲ. ಅರ್ಜಿ ನೇರ ಫೀಮಾಗೆ ಅಲ್ಲ, ರಾಜ್ಯದ ಆಡಳಿತ ಏಜೆನ್ಸಿಗೆ. ರಾಜ್ಯದ ಕೊನೆಯ ದಿನ ಫೀಮಾದ ಕೊನೆಯ ದಿನಕ್ಕಿಂತ ಮುಂಚೆ ಬರುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಪ್ರಕಟಣೆ ಬಂದಮೇಲೆ ಕೆಲವೇ ವಾರ ಇರುತ್ತದೆ, ಆಗ ಶುರು ಮಾಡಿದರೆ ಆಗಲ್ಲ.

ಮುಖ್ಯವಾಗಿ ಬೇಕಾದ್ದು ಅಪಾಯದ ಮೌಲ್ಯಮಾಪನ. ಸ್ಥಳೀಯ ಪೊಲೀಸರನ್ನು ಕೇಳಿ. ಕಟ್ಟಡ ಸುತ್ತಿ ನೋಡಿ "ಹಿಂದಿನ ಬಾಗಿಲು ದುರ್ಬಲ, ಪಾರ್ಕಿಂಗ್ ಕತ್ತಲೆ" ಅಂತ ಬರೆದುಕೊಡುವ ಠಾಣೆಗಳಿವೆ. ಅರ್ಜಿಯಲ್ಲಿ ಕೇಳುವ ಪ್ರತಿ ವಸ್ತುವೂ ಆ ವರದಿಯಲ್ಲಿರುವ ಒಂದು ದೌರ್ಬಲ್ಯಕ್ಕೆ ಉತ್ತರ ಆಗಿರಬೇಕು. ವರದಿಯಲ್ಲಿ ಬಾಗಿಲು ದುರ್ಬಲ ಅಂತಿದ್ದು ನೀವು ಸೌಂಡ್ ಸಿಸ್ಟಮ್ ಕೇಳಿದರೆ ಕೊಡಲ್ಲ. ಯಾರಾದರೂ ಗೋಡೆಗೆ ಬಣ್ಣ ಎರಚಿದ್ದು, ಬೆದರಿಕೆ ಇಮೇಲ್, ಹುಂಡಿ ಒಡೆದದ್ದು, ಇದಕ್ಕೆಲ್ಲ ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ. ನಮ್ಮವರು "ಯಾಕೆ ಸುಮ್ನೆ ಗಲಾಟೆ" ಅಂತ ದೂರೇ ಕೊಡಲ್ಲ. ಅರ್ಜಿ ಬರೆಯುವಾಗ ಕೈಯಲ್ಲಿ ಏನೂ ಇರಲ್ಲ.

ಇನ್ನೊಂದು, ಕೂಟದವರು ಅಲ್ಲ, ದೇವಸ್ಥಾನದವರೇ ಅರ್ಜಿ ಹಾಕಬೇಕು. ಕಟ್ಟಡ ಅವರದು ತಾನೆ.

ಸುಮ್ನೆ_ಓದುವವ

ಎಲ್ಲರೂ ಸಿಹಿ ಹೇಳುತ್ತಿದ್ದೀರಿ. ಖಾರ ನಾನು ಹೇಳುತ್ತೇನೆ.

ಈ ದುಡ್ಡು ಮೊದಲು ಬರಲ್ಲ. ನೀವು ಖರ್ಚು ಮಾಡಿ, ಬಿಲ್ ಕೊಟ್ಟ ಮೇಲೆ ವಾಪಸ್ ಬರುತ್ತದೆ. 1 ಲಕ್ಷದ ಕೆಲಸಕ್ಕೆ ಆ 1 ಲಕ್ಷ ಎಲ್ಲಿಂದ ತರುತ್ತೀರಿ? ನನಗೆ ಗೊತ್ತಿರುವ ಒಂದು ಸಂಸ್ಥೆಯಲ್ಲಿ ಟ್ರಸ್ಟಿಗಳು ಸ್ವಂತ ಕ್ರೆಡಿಟ್ ಕಾರ್ಡ್ ಮೇಲೆ ಕೊಂಡು, ಬಡ್ಡಿ ಕಟ್ಟುತ್ತಾ ತಿಂಗಳುಗಟ್ಟಲೆ ಕಾದರು. ಬಡ್ಡಿಯನ್ನು ಗ್ರ್ಯಾಂಟ್ ಕೊಡಲಿಲ್ಲ.

ಇನ್ನು ಸರ್ಕಾರ ಮನಸ್ಸು ಬದಲಿಸಿದರೆ? 2025ರ ಜನವರಿ 27ರಂದು ಶ್ವೇತಭವನದ ಬಜೆಟ್ ಕಚೇರಿ ಫೆಡರಲ್ ನೆರವನ್ನೆಲ್ಲ ತಡೆಹಿಡಿಯಿರಿ ಅಂತ ಒಂದು ಮೆಮೊ ಹೊರಡಿಸಿತು. ಮರುದಿನ ಕೋರ್ಟು ತಡೆ ಕೊಟ್ಟಿತು, 29ಕ್ಕೆ ಮೆಮೊ ವಾಪಸಾಯಿತು. ಆ ಎರಡು ದಿನ ಎಷ್ಟು ಸಂಸ್ಥೆಗಳಿಗೆ ನಿದ್ದೆ ಬಂದಿರಲಿಕ್ಕಿಲ್ಲ! ಅದೇ ವರ್ಷ ಏಪ್ರಿಲ್‌ನಲ್ಲಿ ಮಾನವಿಕ ವಿಷಯಗಳಿಗೆ ಹಣ ಕೊಡುವ ಎನ್‌ಇಎಚ್, ಮೊದಲೇ ಮಂಜೂರಾದ ಗ್ರ್ಯಾಂಟ್‌ಗಳನ್ನೇ ರದ್ದು ಮಾಡಿತು. ಮೇ ತಿಂಗಳಲ್ಲಿ ಕಲೆಗಳ ಎನ್‌ಇಎ ಕೂಡ. ಸಹಿ ಮಾಡಿದ ಕಾಗದ ಕೈಯಲ್ಲಿದ್ದವರಿಗೇ ಈ ಗತಿ.

ಷರತ್ತುಗಳೂ ಬದಲಾಗುತ್ತಿವೆ. 2025ರಲ್ಲಿ ಫೀಮಾ ಸೇರಿರುವ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಇಲಾಖೆ ತನ್ನ ಗ್ರ್ಯಾಂಟ್‌ಗಳ ನಿಯಮದಲ್ಲಿ ವಲಸೆ, ಡಿಇಐ (ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ) ಬಗ್ಗೆ ಹೊಸ ಸಾಲುಗಳನ್ನು ಸೇರಿಸಿತು. ವಲಸೆಯ ಸಾಲುಗಳ ವಿರುದ್ಧ ಕೆಲವು ರಾಜ್ಯಗಳು ಕೋರ್ಟಿಗೆ ಹೋದವು. ದೇವಸ್ಥಾನದ ಕಮಿಟಿಯವರು ಇದನ್ನೆಲ್ಲ ಓದಿ ಸಹಿ ಹಾಕುತ್ತಾರಾ? ದೇವರ ಮನೆಗೆ ಇಂಥ ಹಣ ಬೇಕಾ ಅನ್ನುವುದು ನನ್ನ ಪ್ರಶ್ನೆ. ಒಬ್ಬೊಬ್ಬ ಭಕ್ತ 100 ಡಾಲರ್ ಹಾಕಿದರೆ ಕ್ಯಾಮೆರಾ ಬರುತ್ತದೆ.

ದಾವಣಗೆರೆ_ಟು_ಡಲ್ಲಾಸ್

ಕ್ಯಾಮೆರಾ ಬರುತ್ತದೆ ಸರ್. ಬೇಲಿ, ಕಂಬ, ಬಾಗಿಲು ಬರಲ್ಲ. ನಾವು ಕಟ್ಟುವ ತೆರಿಗೆಯೇ ಅಲ್ವಾ ಇದು? ಎಲ್ಲ ಧರ್ಮದವರೂ ತಗೊಳ್ಳುವಾಗ ನಾವೊಬ್ಬರೇ ಬೇಡ ಅಂದರೆ ಯಾರಿಗೆ ಲಾಭ?

ಮೊದಲು ಖರ್ಚು ಮಾಡಬೇಕು ಅನ್ನುವುದು ಮಾತ್ರ ನೂರಕ್ಕೆ ನೂರು ನಿಜ. ನಾವು ಕೆಲಸವನ್ನು ತುಂಡು ಮಾಡಿ, ಒಂದು ಭಾಗದ ಹಣ ವಾಪಸ್ ಬಂದ ಮೇಲೆ ಮುಂದಿನದು ಮಾಡಿದೆವು. ಪರಿಸರ ಮತ್ತು ಪಾರಂಪರಿಕ ಕಟ್ಟಡಗಳ ಪರಿಶೀಲನೆಗೆ ಫೀಮಾ ಒಪ್ಪಿಗೆ ಕೊಡುವ ತನಕ ಒಂದು ಗುಂಡಿಯನ್ನೂ ತೋಡಬೇಡಿ. ಮೊದಲೇ ತೋಡಿದರೆ ಆ ಖರ್ಚು ನಿಮ್ಮ ತಲೆ ಮೇಲೆ. ಮುಹೂರ್ತ ನೋಡಿ ಭೂಮಿಪೂಜೆ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಹಿಮದೂರಿನ_ಹವ್ಯಾಸಿ

ನಾನು ಈಶಾನ್ಯ ಭಾಗದ ಒಂದು ಪುಟ್ಟ ಊರಿನಲ್ಲಿದ್ದೇನೆ. ಕನ್ನಡ ಕೂಟ ಇರಲಿ, ಇನ್ನೊಬ್ಬ ಕನ್ನಡಿಗನೂ ಇಲ್ಲಿಲ್ಲ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿದ್ದೇನೆ. ಸ್ಥಳೀಯ ಸರ್ಕಾರದ ಕಡೆಯ ಕಥೆ ಸ್ವಲ್ಪ ಹೇಳುತ್ತೇನೆ.

ನಮ್ಮಂಥ ದಳಗಳಿಗೆ ಫೀಮಾದ ಅಸಿಸ್ಟೆನ್ಸ್ ಟು ಫೈರ್‌ಫೈಟರ್ಸ್ ಗ್ರ್ಯಾಂಟ್ ಇದೆ. ಇದು ನೇರವಾಗಿ ಬರುತ್ತದೆ, ರಾಜ್ಯದ ಮೂಲಕ ಅಲ್ಲ. ಊರಿನ ಜನಸಂಖ್ಯೆ 20,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಮ್ಮ ಪಾಲು 5%. 10 ಲಕ್ಷದ ತನಕ 10%, ಅದಕ್ಕೂ ಮೇಲೆ 15%. ಉಸಿರಾಟದ ಉಪಕರಣ, ಬೆಂಕಿ ತಡೆಯುವ ಬಟ್ಟೆ, ಕೆಲವೊಮ್ಮೆ ಗಾಡಿಯೂ ಸಿಗುತ್ತದೆ. ಕೃಷಿ ಇಲಾಖೆಯ ಕಮ್ಯುನಿಟಿ ಫೆಸಿಲಿಟೀಸ್ ಅಂತ ಇನ್ನೊಂದಿದೆ. 20,000 ಮೀರದ ಹಳ್ಳಿ, ಪಟ್ಟಣಗಳಿಗೆ. 5,000 ಅಥವಾ ಅದಕ್ಕಿಂತ ಕಡಿಮೆ ಜನ ಇದ್ದು ಆದಾಯವೂ ತೀರಾ ಕಡಿಮೆ ಇದ್ದರೆ ಖರ್ಚಿನ 75% ತನಕ ಗ್ರ್ಯಾಂಟ್, ಊರು ದೊಡ್ಡದಾದಂತೆ ಕಡಿಮೆಯಾಗುತ್ತಾ ಬರುತ್ತದೆ.

ಆದರೆ ಅರ್ಜಿ ಬರೆಯುವವರು ಯಾರು? ದೊಡ್ಡ ಸಿಟಿಯಲ್ಲಿ ಅದಕ್ಕೇ ಒಂದು ವಿಭಾಗ ಇರುತ್ತದೆ. ನಮ್ಮ ಊರಲ್ಲಿ ಅರೆಕಾಲಿಕ ಕ್ಲರ್ಕ್ ಒಬ್ಬರೇ. ನಾಯಿ ಲೈಸೆನ್ಸ್ ಕೊಡುವುದೂ ಅವರೇ, ಚುನಾವಣೆ ನಡೆಸುವುದೂ ಅವರೇ. ರಸ್ತೆ ಸುರಕ್ಷತೆಗೆ ಅಂತ 2021ರ ಮೂಲಸೌಕರ್ಯ ಕಾನೂನಿನಲ್ಲಿ ಐದು ವರ್ಷಕ್ಕೆ 500 ಕೋಟಿ ಡಾಲರ್ ಇಟ್ಟರು. ಊರಿನ ಪಾಲು 20%. ಶಾಲೆ ಮುಂದಿನ ರಸ್ತೆಗೆ ಅದು ಬೇಕಿತ್ತು, ಅರ್ಜಿ ಬರೆಯಲು ಜನ ಇರಲಿಲ್ಲ. ಬಡ ಊರಿಗೆಂದು ಇಟ್ಟ ಹಣವೂ ಕಾಗದ ಬರೆಯಬಲ್ಲ ಊರಿಗೇ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಐಟಿಯಲ್ಲಿರುವ ಕನ್ನಡಿಗರು ಸಾವಿರಾರು ಜನ ಇದ್ದೀರಿ. ಸ್ಪ್ರೆಡ್‌ಶೀಟ್, ಬಜೆಟ್, ಕಾಲಮಿತಿ ಎಲ್ಲ ನಿಮಗೆ ನೀರು ಕುಡಿದಷ್ಟು ಸುಲಭ. ನಿಮ್ಮ ಊರಿನ ಟೌನ್ ಹಾಲ್‌ಗೆ ಹೋಗಿ "ಅರ್ಜಿ ಬರೆಯಲು ಸಹಾಯ ಬೇಕಾ" ಅಂತ ಕೇಳಿ ನೋಡಿ. ಕುರ್ಚಿ ಎಳೆದು ಕೂರಿಸುತ್ತಾರೆ.

ಹಾಸನದ_ಪಂಚಾಯಿತಿ

ಇಲ್ಲಿಂದ ಓದುತ್ತಾ ಕೂತಿದ್ದೆ. ಕ್ಲರ್ಕ್ ಕಥೆ ಕೇಳಿ ನಗು ಬಂತು, ನಮ್ಮದೂ ಅದೇ. ವ್ಯತ್ಯಾಸ ಅಂದರೆ, ನಮಗೆ ಅರ್ಜಿ ಸ್ಪರ್ಧೆ ಇಲ್ಲ. 15ನೇ ಹಣಕಾಸು ಆಯೋಗದ ದುಡ್ಡು ಸೂತ್ರದ ಪ್ರಕಾರ ಬರುತ್ತಿತ್ತು. ಆದರೆ ಅದರಲ್ಲಿ 60% ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದದ್ದರಲ್ಲೂ ಸಂಬಳಕ್ಕೆ ಮುಟ್ಟುವಂತಿಲ್ಲ.

ಒಂದು ಪ್ರಶ್ನೆ: ನೀವು ಈ ಗ್ರ್ಯಾಂಟ್ ತಗೊಂಡು ನಮ್ಮೂರ ಶಾಲೆಗೆ ಕಳಿಸಬಹುದಾ?

ಕೌಂಟಿ_ಕಚೇರಿ_ಕನ್ನಡತಿ

ಇಲ್ಲ ಅಣ್ಣ. ಬಜೆಟ್‌ನಲ್ಲಿ ಯಾವುದಕ್ಕೆ ಅಂತ ಬರೆದಿದೆಯೋ ಅದಕ್ಕೇ. ಊರ ಶಾಲೆಗೆ ಕೂಟದವರು ಸ್ವಂತ ದೇಣಿಗೆ ಸಂಗ್ರಹಿಸಲಿ, ಅದರ ದಾರಿ ಬೇರೆ.

ಖಾರ ಹೇಳಿದವರಿಗೆ: ನೀವು ಹೇಳಿದ್ದು ಸರಿ, ನಾನೂ ಕೂಟದವರಿಗೆ "ಗ್ರ್ಯಾಂಟ್ ನಂಬಿ ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕಬೇಡಿ" ಅಂತಲೇ ಹೇಳುತ್ತೇನೆ. ಹೆಚ್ಚುವರಿ ಕೆಲಸಕ್ಕೆ ಮಾತ್ರ ಈ ಹಣ ಇಟ್ಟುಕೊಳ್ಳಿ. ಹಣ ನಿಂತರೆ ಕೂಟ ನಿಲ್ಲಬಾರದು.

ಖಜಾಂಚಿಯವರು ನೋಡಿಕೊಳ್ಳಬೇಕಾದ ಲೆಕ್ಕದ ವಿಷಯಗಳಿವೆ. ಫೆಡರಲ್ ಹಣದ ಖರ್ಚಿಗೆಲ್ಲ "ಯೂನಿಫಾರ್ಮ್ ಗೈಡನ್ಸ್" ಅನ್ನುವ ಒಂದೇ ನಿಯಮ ಪುಸ್ತಕ. 2024ರ ಅಕ್ಟೋಬರ್ 1ರಿಂದ ಅದರಲ್ಲಿ ಕೆಲವು ಬದಲಾವಣೆ ಬಂತು. ಬಾಡಿಗೆ, ಫೋನು, ಲೆಕ್ಕಪತ್ರದಂಥ ಪರೋಕ್ಷ ಖರ್ಚಿಗೆ ಸರ್ಕಾರ ಒಪ್ಪಿದ ಸ್ವಂತ ದರ ಇಲ್ಲದ ಸಂಸ್ಥೆಗಳು ಅದಕ್ಕೆಂದು ಮೊದಲು 10% ಸೇರಿಸಬಹುದಿತ್ತು, ಈಗ 15% ತನಕ. ವರ್ಷಕ್ಕೆ 7.5 ಲಕ್ಷ ಡಾಲರ್ ಫೆಡರಲ್ ಹಣ ಖರ್ಚು ಮಾಡಿದರೆ ವಿಶೇಷ ಆಡಿಟ್ ಬೇಕಿತ್ತು, ಆ ಮಿತಿ ಈಗ 10 ಲಕ್ಷ. ನಿಮಗೆ ಅದು ತಾಗಲ್ಲ ಬಿಡಿ.

ತಾಗುವುದು ಬೇರೆ. ಅಧ್ಯಕ್ಷರ ಭಾವಮೈದುನನ ಅಂಗಡಿಯಿಂದ ಕ್ಯಾಮೆರಾ ಕೊಳ್ಳುವ ಹಾಗಿಲ್ಲ. ಅವನು ಎಷ್ಟೇ ಕಡಿಮೆಗೆ ಕೊಟ್ಟರೂ! ದೊಡ್ಡ ಖರೀದಿಗೆ ಬೇರೆ ಬೇರೆ ಕಡೆಯಿಂದ ಕೊಟೇಶನ್ ಬೇಕು, ಯಾಕೆ ಇವರನ್ನೇ ಆರಿಸಿದಿರಿ ಅಂತ ಬರೆದಿಟ್ಟಿರಬೇಕು. ಗ್ರ್ಯಾಂಟ್ ಮುಗಿದ ಮೇಲೂ ಮೂರು ವರ್ಷ ಕಾಗದ ಜೋಪಾನ. ಕೂಟದಲ್ಲಿ ಪ್ರತಿ ವರ್ಷ ಖಜಾಂಚಿ ಬದಲಾಗುತ್ತಾರೆ, ಹಳಬರ ಲ್ಯಾಪ್‌ಟಾಪ್ ಜೊತೆ ಬಿಲ್ಲುಗಳೂ ಹೋಗುತ್ತವೆ. ಕೂಟದ ಹೆಸರಿನಲ್ಲೇ ಒಂದು ಆನ್‌ಲೈನ್ ಫೋಲ್ಡರ್ ಮಾಡಿ.

ಐಆರ್‌ಎಸ್ ಕಡೆಯದನ್ನೂ ಒಮ್ಮೆ ನೋಡಿ. ಸತತ ಮೂರು ವರ್ಷ ಫಾರ್ಮ್ 990 ಅನ್ನುವ ವಾರ್ಷಿಕ ವರದಿ ಹಾಕದಿದ್ದರೆ ಮಾನ್ಯತೆ ತಾನಾಗೇ ರದ್ದಾಗುತ್ತದೆ. ಸಣ್ಣ ಸಂಸ್ಥೆಗಳ ಪೋಸ್ಟ್‌ಕಾರ್ಡ್ ನಮೂನೆಗೂ ಇದೇ ನಿಯಮ. ಮಾನ್ಯತೆ ಹೋಗಿದ್ದೂ ತಿಳಿಯದೆ ಅರ್ಜಿ ತರುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಕೂಟದ_ಖಜಾಂಚಿ

990 ಈಗ ತಾನೇ ನೋಡಿದೆ, ಸದ್ಯ, ಎಲ್ಲ ಹಾಕಿದ್ದಾರೆ. ಕನ್ನಡ ಶಾಲೆ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದಕ್ಕೆ ಏನೂ ಇಲ್ವಾ?

ಕಾಫಿಪುಡಿ_ಕ್ಯಾಲಿಫೋರ್ನಿಯಾ

ಬರೀ ಭಾಷೆ ಕಲಿಸಲು ಫೆಡರಲ್ ಹಣ ಕಷ್ಟ. ಭದ್ರತೆಗೆ ಮುಖ್ಯ ಅಂತ ಸರ್ಕಾರ ಗುರುತಿಸಿದ ಭಾಷೆಗಳಿಗೆ ಸ್ಟಾರ್‌ಟಾಕ್ ಅನ್ನುವ ಕಾರ್ಯಕ್ರಮ 2006ರಲ್ಲಿ ಶುರುವಾಯಿತು. ಅದರಲ್ಲಿ ಹಿಂದಿ, ಉರ್ದು ಬಂದವು. ನಮ್ಮದು ಆ ಸಾಲಿನಲ್ಲಿ ಇಲ್ಲ.

ಕಲೆಯ ದಾರಿ ನೋಡಿ. ಎನ್‌ಇಎ ತನ್ನ ಗ್ರ್ಯಾಂಟ್ ಹಣದಲ್ಲಿ 40%ನ್ನು ರಾಜ್ಯ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೆ ಕೊಡುತ್ತದೆ. ಆ ಸಂಸ್ಥೆಗಳ ಸಣ್ಣ ಗ್ರ್ಯಾಂಟ್‌ಗಳು ಕೂಟಕ್ಕೆ ಸರಿಹೊಂದುತ್ತವೆ, ಫಾರ್ಮೂ ಸುಲಭ. ಹಲವು ರಾಜ್ಯಗಳಲ್ಲಿ ಸಾಂಪ್ರದಾಯಿಕ ಕಲೆ ಕಲಿಸುವ ಗುರು-ಶಿಷ್ಯ ಜೋಡಿಗೆ ಹಣ ಕೊಡುವ ಯೋಜನೆ ಇದೆ. ಭರತನಾಟ್ಯ, ಕರ್ನಾಟಕ ಸಂಗೀತದವರಿಗೆ ಸಿಕ್ಕಿದೆ. ಯಕ್ಷಗಾನ ಕಲಿಸುವವರು ನಿಮ್ಮಲ್ಲಿದ್ದರೆ ಯಾಕೆ ಹಾಕಬಾರದು? ಪಾತ್ರದ ಮಾತು ಕಲಿಯುವಾಗ ಕನ್ನಡವೂ ಬರುತ್ತದೆ. ಬಹಳ ಕಡೆ ಒಂದು ಡಾಲರ್‌ಗೆ ನಿಮ್ಮದೊಂದು ಡಾಲರ್ ಕೇಳುತ್ತಾರೆ. ಟಿಕೆಟ್ ಹಣ ಅಲ್ಲಿ ಕೆಲಸಕ್ಕೆ ಬರುತ್ತದೆ.

ಶಾಲೆಗೆ ಜಾಗ ಬೇಕಿದ್ದರೆ ಸಾರ್ವಜನಿಕ ಲೈಬ್ರರಿಯ ಮೀಟಿಂಗ್ ರೂಮ್ ಕೇಳಿ. ಗ್ರ್ಯಾಂಟೇ ಬೇಡ.

ಕೂಟದ_ಖಜಾಂಚಿ

ಲೈಬ್ರರಿ ಯೋಚನೆ ಹೊಳೆದೇ ಇರಲಿಲ್ಲ! ಕಮಿಟಿಯಲ್ಲಿ ಮಾತಾಡಿದೆ. ಕನ್ಸಲ್ಟೆಂಟ್ ಬೇಡ ಅಂತ ತೀರ್ಮಾನ ಆಯಿತು. ಅಧ್ಯಕ್ಷರಿಗೆ ಇನ್ನೂ ಸ್ವಲ್ಪ ಬೇಜಾರಿದೆ, "ಎಲ್ಲರೂ ತಗೊಳ್ತಿದ್ದಾರೆ" ಅನ್ನುತ್ತಿದ್ದಾರೆ. ಯುಇಐಗೆ ಹಾಕಿದ್ದೇನೆ. ದೇವಸ್ಥಾನದವರು ಪೊಲೀಸರನ್ನು ಕಟ್ಟಡ ನೋಡಲು ಕರೆಯುತ್ತಾರಂತೆ, ಅರ್ಜಿ ಹಾಕುವುದೋ ಬೇಡವೋ ಆಮೇಲೆ ನೋಡುತ್ತಾರೆ. ಏಜಿಂಗ್ ಕಚೇರಿಗೆ ಫೋನ್ ಮಾಡಿದ್ದೆ, ಊಟ ನಡೆಸುವ ಸಂಸ್ಥೆಯ ಹೆಸರು ಕೊಟ್ಟರು. ನಮ್ಮ ಕೌಂಟಿಯ ಸಿಡಿಬಿಜಿ ಸಾರ್ವಜನಿಕ ಸಭೆ ಮುಂದಿನ ತಿಂಗಳಿದೆ. ಅಲ್ಲಿ ಹೋಗಿ ಏನು ಮಾತಾಡಬೇಕು ಅಕ್ಕ?

ಕೌಂಟಿ_ಕಚೇರಿ_ಕನ್ನಡತಿ

ಇಂಥ ಸಭೆ ವರ್ಷಕ್ಕೆ ಕನಿಷ್ಠ ಎರಡು ನಡೆಯಲೇಬೇಕು, ನಿಯಮ ಇದೆ. ಹೆಚ್ಚಿನ ಸಲ ಖಾಲಿ ಕುರ್ಚಿಗಳೇ ಇರುತ್ತವೆ. ಹಾಗಾಗಿ ಬಂದವರ ಮಾತು ದಾಖಲಾಗುತ್ತದೆ, ಯೋಜನೆಯ ಕಾಗದದಲ್ಲಿ ಸೇರುತ್ತದೆ.

ಮಾತಾಡಲು ಕೆಲವೇ ನಿಮಿಷ ಕೊಡುತ್ತಾರೆ. ಕರ್ನಾಟಕದ ಸಂಸ್ಕೃತಿ, ಎಂಟು ಜ್ಞಾನಪೀಠ ಅಂತ ಶುರು ಮಾಡಬೇಡಿ, ದಯವಿಟ್ಟು. ಎಷ್ಟು ಜನ ಹಿರಿಯರು, ಯಾವ ಜಿಪ್ ಕೋಡ್, ಈಗ ಹಗಲು ಹೊತ್ತು ಎಲ್ಲಿರುತ್ತಾರೆ, ಹತ್ತಿರದ ಬಸ್ ಸ್ಟಾಪ್ ಎಷ್ಟು ದೂರ, ವಾರಕ್ಕೆ ಎಷ್ಟು ಊಟ ಬೇಕು. ಇಷ್ಟು ಹೇಳಿ. ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ಅವರು ಕನ್ನಡದಲ್ಲೇ ಮಾತಾಡಲಿ, ನೀವು ಅನುವಾದ ಮಾಡಿ. ಅನುವಾದಕರನ್ನು ಕೌಂಟಿಯೇ ಒದಗಿಸುತ್ತದಾ ಅಂತಲೂ ಮೊದಲೇ ಫೋನ್ ಮಾಡಿ ಕೇಳಿ. ಸಭೆಗೆ ಮುಂಚೆ ಹೆಸರು ಬರೆಸಬೇಕಾಗಬಹುದು, ನೋಟಿಸ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.